ಭಿತ್ತಿಪತ್ರ ಹಿಗ್ಗಿಸುವ ಲೆಕ್ಕ



ಸಭೆ ಎಂದರೆ ಕರಪತ್ರ, ಕರಪತ್ರ ಎಂದರೆ ಚಂದಾ. ಆ ಚಂದಾ ಗಿರಣಿ ಕೆಲಸಗಾರನ ಸಂಬಳದಿಂದ, ಸಣ್ಣ ಅಂಗಡಿಯ ಗಲ್ಲಾದಿಂದ ಬಂದದ್ದು. ಆದುದರಿಂದ ಅಚ್ಚುಕೂಟಕ್ಕೆ ಹೋಗಿ "ಸ್ವಲ್ಪ ದೊಡ್ಡದಾಗಿ ಹಾಕಿ" ಎಂದು ಬಾಯಿಮಾತಿನಲ್ಲಿ ಹೇಳಿ ಬರುವುದು ತರವಲ್ಲ. ಎಷ್ಟು ದೊಡ್ಡದೆಂಬುದನ್ನು ನಾವೇ ಲೆಕ್ಕಹಾಕಿ ಚೀಟಿಯಲ್ಲಿ ಬರೆದುಕೊಡಬೇಕು.

ಲೆಕ್ಕ ಕಷ್ಟದ್ದಲ್ಲ. ಬೇಕಾದ ಅಳತೆಯನ್ನು ಇರುವ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿದರಾಯಿತು. ನಮ್ಮ ಕರಪತ್ರ 5 ಅಂಗುಲ ಅಗಲ, 7½ ಅಂಗುಲ ಎತ್ತರ ಎನ್ನೋಣ. ಗೋಡೆಗೆ ಹಚ್ಚುವ ಡಬಲ್ ಕ್ರೌನ್ ಹಾಳೆ 20 ಅಂಗುಲಕ್ಕೆ 30. ಇಪ್ಪತ್ತನ್ನು ಐದರಿಂದ ಭಾಗಿಸಿದರೆ 4. ಅಂದರೆ ಶೇಕಡಾ 400. ಎತ್ತರಕ್ಕೂ ಅದೇ ಬರುತ್ತದೆ.

ಬಹಳ ಮಂದಿ ಎಡವುವುದು ಇಲ್ಲಿಯೇ. ಈ 400 ಉದ್ದಗಲದ ಲೆಕ್ಕವೇ ಹೊರತು ಕಾಗದದ ಲೆಕ್ಕವಲ್ಲ. ನಂಬದವರು ಆ ದೊಡ್ಡ ಹಾಳೆಯನ್ನು ನಾಲ್ಕು ಸಲ ಅರ್ಧಕ್ಕೆ ಮಡಚಿ ನೋಡಿ: ಅದರಲ್ಲಿ ಹದಿನಾರು ಕರಪತ್ರಗಳಿವೆ! ಬಟ್ಟೆಯ ಬ್ಯಾನರಿಗೆ ಚದರ ಅಡಿಯ ದರ. 2 ಅಡಿಗೆ 3 ಅಡಿ ಇದ್ದದ್ದನ್ನು "ಇಮ್ಮಡಿ ಮಾಡಿ" ಎಂದರೆ 4ಕ್ಕೆ 6 ಆಗುತ್ತದೆ. 6 ಚದರ ಅಡಿಯ ಬಿಲ್ಲು 24 ಚದರ ಅಡಿಗೆ ಏರುತ್ತದೆ. ಆಗ ಅಚ್ಚುಕೂಟದವನನ್ನು ಸುಲಿಗೆಕೋರನೆಂದು ಬೈಯುವುದು ಅನ್ಯಾಯ. ಕಾಗದ ಮಾತ್ರ ಎರಡರಷ್ಟಾಗಬೇಕಾದರೆ ಸುಮಾರು 141 ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯನ್ನು ಎ3ಕ್ಕೆ ಏರಿಸುವುದು ಈ 141ರಿಂದಲೇ.

ಮಾತಿನಲ್ಲೂ ಜೋಕೆ ಬೇಕು. "ಶೇಕಡಾ 200ಕ್ಕೆ ಹಿಗ್ಗಿಸಿ" ಎಂದರೆ ಎರಡರಷ್ಟು. "ಶೇಕಡಾ 200 ಹೆಚ್ಚಿಸಿ" ಎಂದರೆ ಮೂರರಷ್ಟು. ಅಸಲಿನ ಮೇಲೆ ಲಾಭ ಕಟ್ಟುವ ವ್ಯಾಪಾರಿ ಬಂಧುಗಳಿಗೆ ಇದನ್ನು ನಾವು ಹೇಳಬೇಕಾಗಿಲ್ಲ.

ಚಿತ್ರ 5ಕ್ಕೆ 7 ಇದ್ದರೆ? ಅಗಲಕ್ಕೆ 400, ಎತ್ತರಕ್ಕೆ 428 ಚಿಲ್ಲರೆ. ಎರಡನ್ನೂ ಬೇರೆಬೇರೆಯಾಗಿ ಎಳೆದರೆ ಸಂಘದ ಗುಂಡನೆಯ ಚಕ್ರ ಕೋಳಿಮೊಟ್ಟೆಯಾಗುತ್ತದೆ. ಚಿಕ್ಕದಾದ 400ನ್ನೇ ಹಿಡಿಯಿರಿ. ಎತ್ತರದಲ್ಲಿ ಉಳಿಯುವ 2 ಅಂಗುಲದಲ್ಲಿ ಸಭೆಯ ತಾರೀಖು ಹಾಕಿಸಬಹುದು.

ಕೊನೆಯದಾಗಿ, ಮೊಬೈಲಿನಲ್ಲಿ ಕೈಯಿಂದ ಕೈಗೆ ಬಂದ ಚಿತ್ರ. ಅಂಗುಲಕ್ಕೆ 300 ಚುಕ್ಕೆಗಳಿದ್ದ ಚಿತ್ರವನ್ನು 400ಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 75 ಉಳಿಯುತ್ತವೆ. ಬೀದಿಯಾಚೆಯಿಂದ ನೋಡುವವರಿಗೆ ಮುಖವೇನೋ ಕಂಡೀತು. ಸಣ್ಣಕ್ಷರದ ಬೇಡಿಕೆಗಳು ಮಸುಕಾಗುತ್ತವೆ. ಅವುಗಳನ್ನು ಚಿತ್ರದೊಡನೆ ಹಿಗ್ಗಿಸದೆ, ಹೊಸದಾಗಿ ದೊಡ್ಡ ಅಕ್ಷರದಲ್ಲಿ ಜೋಡಿಸಿಕೊಡುವಂತೆ ಚೀಟಿಯಲ್ಲೇ ಬರೆಯಿರಿ.