ಅಜ್ಜನ ಎದೆಯೊಳಗಿನ ನಾಲೆ

ಮಕ್ಕಳೇ, ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆ ನೋಡಿದ್ದೀರಾ? ದೊಡ್ಡ ನಾಲೆ ಒಡೆದು ಉಪನಾಲೆ, ಅದು ಒಡೆದು ಕಾಲುವೆ, ಕೊನೆಗೆ ಬದುವಿನ ಪಕ್ಕ ಗೇಣಗಲದ ಹೊಲಗಾಲುವೆ. ಮೇಲೆ ನೀರು ತುಂಬಿ ಹರಿದರೂ ಹೊಲಗಾಲುವೆಯಲ್ಲಿ ಹೂಳು ಕೂತಿದ್ದರೆ ಕೊನೇ ಗದ್ದೆ ಒಣಗುತ್ತದೆ.

ನಮ್ಮ ಎದೆಯೊಳಗೂ ಇಂಥ ನಾಲೆ ಇದೆ. ಅದರಲ್ಲಿ ಹರಿಯುವುದು ಗಾಳಿ. ಗಂಟಲಿನಿಂದ ಇಳಿದ ಶ್ವಾಸನಾಳ ಎರಡಾಗಿ, ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆಯುತ್ತದೆ. ತುದಿಯಲ್ಲಿರುವ ಪುಟ್ಟ ಗಾಳಿಗೂಡುಗಳೇ ಅದರ ಗದ್ದೆಗಳು. ಅವು 30 ಕೋಟಿಗೂ ಹೆಚ್ಚು! ಅವುಗಳ ತೆಳು ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ.

ಈಗ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಅವರಿಗೆ ಹಳೆಯ ದಮ್ಮು. ಬೀಡಿಯ ಹೊಗೆ, ಸೌದೆ ಒಲೆಯ ಹೊಗೆ, ಕಣದ ದೂಳು ವರ್ಷಗಟ್ಟಲೆ ಒಳಗೆ ಹೋಗಿ ಕೊಳವೆಗಳ ಒಳಗೋಡೆ ಬಾತುಕೊಂಡಿದೆ, ಕಫ ಹೆಚ್ಚಿದೆ. ಕಫವನ್ನು ಮೇಲಕ್ಕೆ ಗುಡಿಸುವ ಸಣ್ಣ ರೋಮಗಳು ಹೊಗೆಗೆ ಸೋತಿವೆ. ಹೂಳು ತುಂಬಿದ ಹೊಲಗಾಲುವೆ ಎಂದರೆ ಇದೇ.

ಅಜ್ಜನ ಕಷ್ಟ ತಿಳಿಯಬೇಕೆ? ದೊಡ್ಡವರ ಎದುರು ಕೂತು, ಮೂಗು ಹಿಡಿದು, ಎಳನೀರಿನ ಸ್ಟ್ರಾ ಮೂಲಕ ಹತ್ತು ಎಣಿಸುವವರೆಗೆ ಉಸಿರಾಡಿ. ಸುಸ್ತೆನಿಸಿದರೆ ತಕ್ಷಣ ಬಿಟ್ಟುಬಿಡಿ. ಅಸ್ತಮಾ ಇರುವ ಮಕ್ಕಳು ಇದನ್ನು ಮಾಡುವುದೇ ಬೇಡ.

ಕೊರೊನಾ ಹರಡಿದ್ದರಿಂದ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಕೊರೊನಾ ವೈರಸ್ ಶ್ವಾಸಕೋಶಕ್ಕೆ ಇಳಿದರೆ ಗಾಳಿಗೂಡುಗಳೇ ಊದಿಕೊಂಡು ಅವುಗಳಲ್ಲಿ ದ್ರವ ತುಂಬಬಹುದು. ಗಟ್ಟಿ ಶ್ವಾಸಕೋಶಕ್ಕೆ ಕೂಡಿಟ್ಟ ಶಕ್ತಿ ಒಂದಿಷ್ಟಿರುತ್ತದೆ. ಅಜ್ಜನಿಗೆ ಆ ಉಳಿತಾಯವೇ ಕಡಿಮೆ. ಅದಕ್ಕೇ ಅವರು ಸಂತೆಗೆ, ಮದುವೆಗೆ ಹೋಗುವುದು ಬಿಟ್ಟರು. ಕಿಟಕಿ ತೆರೆದಿಟ್ಟರು. ಹಾಲಿನವರು ಬಂದಾಗಲೂ ಮಾಸ್ಕ್ ಹಾಕಿದರು.

ಅಪಾಯ ವೈರಸ್‌ನದೊಂದೇ ಅಲ್ಲ. ಹೊನ್ನಾಳಿ, ನ್ಯಾಮತಿ ಕಡೆ ಮೆಕ್ಕೆಜೋಳ ಒಕ್ಕುವ ಮೆಷಿನ್ ಸುತ್ತ ಏಳುವ ರವದಿ, ಚನ್ನಗಿರಿಯಲ್ಲಿ ಅಡಿಕೆ ಸಿಪ್ಪೆ ಸುಟ್ಟ ಹೊಗೆ, ಮಳೆಯನ್ನೇ ನಂಬಿದ ಜಗಳೂರಿನ ಬೇಸಿಗೆಯ ಕೆಂದೂಳು, ಎಲ್ಲವೂ ದಮ್ಮನ್ನು ಕೆರಳಿಸುತ್ತವೆ. ಕಣದಲ್ಲಿ ಒಕ್ಕಣೆ ನಡೆದರೆ ಅಜ್ಜ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ, ದೂಳು ಬಾರದ ಕಡೆ ಹೋಗಿ ಕೂರುತ್ತಾರೆ.

ಅಜ್ಜ ಒಂದು ದಿನವೂ ಪಂಪು ತಪ್ಪಿಸುವುದಿಲ್ಲ. ಇನ್‌ಹೇಲರ್‌ಗೆ ಊರವರು ಇಟ್ಟ ಹೆಸರು ಪಂಪು. ಅದನ್ನು ಕುಲುಕಿ, ಉಸಿರು ಪೂರ್ತಿ ಬಿಟ್ಟು, ಒತ್ತುತ್ತಲೇ ನಿಧಾನ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಆಗ ಮದ್ದು ಕವಲುಗಳ ಆಳಕ್ಕೆ ಇಳಿಯುತ್ತದೆ. ಆಮೇಲೆ ಬಾಯಿ ಮುಕ್ಕಳಿಸಬೇಕು. ಒಬ್ಬರ ಪಂಪನ್ನು ಇನ್ನೊಬ್ಬರು ಬಳಸಬಾರದು.

ತೋಟದಲ್ಲಿ ನಡೆಯುವಾಗ ಏದುಸಿರು ಬಂದರೆ ಅಜ್ಜ ಅಡಿಕೆ ಮರ ಹಿಡಿದು ನಿಲ್ಲುತ್ತಾರೆ. ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕೂಡಿಸಿ ಮೆಲ್ಲಗೆ ಊದುತ್ತಾರೆ. ಹೀಗೆ ಊದಿದಾಗ ಸಣ್ಣ ಕೊಳವೆಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಕೊಂಡ ಹಳೆಯ ಗಾಳಿ ಹೊರಬರುತ್ತದೆ.

ಸಂಜೆ ಅಂಗಳದಾಚೆ ನಿಂತ ಮೊಮ್ಮಗಳು ಕೂಗುತ್ತಾಳೆ, "ಅಜ್ಜಾ, ಇವತ್ತು ಎಷ್ಟು ಬಂತು?"

ಜಗಲಿಯ ಮೇಲೆ ಅಜ್ಜ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡಿದ್ದಾರೆ. ಅದು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಾಯಿಸುತ್ತದೆ. ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಬರಿದಾದ ರಕ್ತ ಹೆಚ್ಚು ಹೀರುತ್ತದೆ. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಎಂಬ ಲೆಕ್ಕ ಆ ವ್ಯತ್ಯಾಸದಿಂದಲೇ. ಆರೋಗ್ಯವಂತರಿಗೆ ಸಾಮಾನ್ಯವಾಗಿ 95ರಿಂದ 100.

"ತೊಂಬತ್ತೈದು ಕಣವ್ವ!"

ಡಾಕ್ಟರು ಹೇಳಿದ ಅಂಕಿಗಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು ಎಂಬುದು ಮೊಮ್ಮಗಳಿಗೂ ಗೊತ್ತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ ಕೊರೊನಾ ಲಸಿಕೆ ಶುರುವಾದಾಗ ಅಜ್ಜನೂ ತೋಳು ಚಾಚಿದರು.

ನಾಲೆಗೆ ಒಬ್ಬ ನೀರುಗಂಟಿ ಇರುತ್ತಾನೆ, ಕೊನೇ ಗದ್ದೆಗೂ ನೀರು ಮುಟ್ಟಿತೇ ಎಂದು ನೋಡಿಬರುವವನು. ನಿಮ್ಮ ಮನೆಯಲ್ಲೂ ದಮ್ಮಿನ ಅಜ್ಜ, ಅಜ್ಜಿ ಇದ್ದರೆ ಆ ಕೆಲಸ ನಿಮ್ಮದು. ನಿಮಗೆ ನೆಗಡಿಯಾದ ದಿನ ಅವರ ಮಡಿಲು ಬಿಟ್ಟು ಅಂಗಳದಲ್ಲೇ ನಿಂತು ಕೂಗಿ ಕೇಳಿ: "ಅಜ್ಜಾ, ಪಂಪು ತಗೊಂಡ್ಯಾ?"