ಅಚ್ಚಿಗೆ ಮುನ್ನ ಒಂದು ಮಾತು



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ನಮ್ಮ ಯುವಜನರು ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆಂದು ಕಟ್ಟಿದ ಹಾಡುಗಳು ಅಚ್ಚಾಗಲೆಂದು ನಾವೆಲ್ಲರೂ ಹಂಬಲಿಸುತ್ತೇವೆ.

ಮೈಸೂರು ಸೀಮೆಯಲ್ಲಿ ದುಡಿದ ಗುರು ಅಬ್ಬೆ ದುಬ್ವಾ ಅವರು ಹಿಂದೂ ಆಚಾರಗಳನ್ನು ಕುರಿತು ಒಪ್ಪಿಸಿದ ಹಸ್ತಪ್ರತಿಗೆ ಕಂಪನಿ ಸರ್ಕಾರ 2000 ವರಹ ತೆತ್ತಿತು. 1816ರಲ್ಲಿ ಅದು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು, ಕೀರ್ತಿಯೂ ಬಂದಿತು. ಆದರೆ ಅದರ ಬಹುಭಾಗಕ್ಕೆ 1779ರಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕೂರ್ದೂ ಅವರ ಬರಹವೇ ಮೂಲವೆಂದು ವಿದ್ವಾಂಸೆ ಸಿಲ್ವಿಯಾ ಮುರ್ 1987ರ ಗ್ರಂಥದಲ್ಲಿ ತೋರಿಸಿದರು. ಒಂದು ಹೆಸರು ಎರಡು ಶತಮಾನ ಮರೆಯಲ್ಲಿತ್ತು.

ಆದುದರಿಂದ ಪ್ರತಿಯೊಂದು ಹಾಡಿನ ಕೆಳಗೆ ಪದ ಯಾರದು, ರಾಗ ಯಾರದು ಎಂದು ಬರೆಯೋಣ. ಅಜ್ಜಿಯ ಬಾಯಿಂದ ಕಲಿತುದಾದರೆ ಹಾಗೆಂದೇ ಬರೆಯೋಣ. ಮೊದಲ ಅಚ್ಚು ತಡವಾದರೂ ಆಗಲಿ, ಸತ್ಯವಾಗಿರಲಿ.