ಪಂಜರದೊಳಗಿನ ಕಾಳಗ: ಕ್ರೀಡೆಯೇ, ಮನರಂಜನೆಯೇ?

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯವನ್ನು ಕೇಳಿ ಇಲ್ಲಿರುವ ಹಿರಿಯರಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ವರದಕ್ಷಿಣೆ, ಶಿಕ್ಷಣ, ನಿರುದ್ಯೋಗಗಳ ಕುರಿತು ಮಾತನಾಡಬೇಕಾದ ವೇದಿಕೆಯಲ್ಲಿ ಗುದ್ದಾಟದ ಪ್ರಸ್ತಾಪವೇಕೆ? ಆದರೆ ಮನೆಯ ಹುಡುಗರ ಮೊಬೈಲನ್ನು ಒಮ್ಮೆ ತೆರೆದು ನೋಡಿದವರು ಹೀಗೆ ಕೇಳಲಾರರು. ಖಬೀಬ್ ನುರ್ಮಗೊಮೆದೋವ್, ಇಸ್ಲಾಂ ಮಖಾಚೆವ್ ಎಂಬ ಹೆಸರುಗಳು ಇಂದು ನಮ್ಮ ಹದಿಹರೆಯದವರಿಗೆ ಕ್ರಿಕೆಟ್ ಆಟಗಾರರ ಹೆಸರುಗಳಷ್ಟೇ ಪರಿಚಿತ. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಕಲಿಸುತ್ತೇವೆಂಬ ಫಲಕಗಳು ಪಟ್ಟಣಗಳ ಜಿಮ್‌ಗಳ ಮುಂದೆ ತೂಗುತ್ತಿವೆ. ಇದು ಬೀದಿ ಜಗಳವಲ್ಲದೆ ಮತ್ತೇನೂ ಅಲ್ಲ ಎಂದು ಹಿರಿಯರು ಹೇಳುತ್ತಾರೆ. ಇದಕ್ಕಿಂತ ದೊಡ್ಡ ಕ್ರೀಡೆಯಿಲ್ಲ ಎಂದು ಕಿರಿಯರು ವಾದಿಸುತ್ತಾರೆ. ಇಬ್ಬರೂ ನೋಡುತ್ತಿರುವುದು ಒಂದೇ ವಸ್ತುವಿನ ಎರಡು ಬೇರೆ ಬೇರೆ ಭಾಗಗಳನ್ನು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಇದು ಹುಟ್ಟಿದ ಬಗೆಯನ್ನು ನೋಡೋಣ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್, ಅಂದರೆ ಯುಎಫ್‌ಸಿಯ ಮೊದಲ ಕೂಟ ನಡೆಯಿತು. ಬಾಕ್ಸರ್, ಕರಾಟೆ ಪಟು, ಸುಮೊ ಪೈಲ್ವಾನ ಇವರನ್ನೆಲ್ಲ ಎಂಟು ಮೂಲೆಗಳ ಬಲೆಯ ಪಂಜರದೊಳಗೆ ಬಿಟ್ಟರೆ ಯಾರು ಗೆಲ್ಲುತ್ತಾರೆ ಎಂಬ ಕುತೂಹಲವೇ ಅದರ ಬಂಡವಾಳವಾಗಿತ್ತು. ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವ ತೀರ್ಪುಗಾರರೂ ಇರಲಿಲ್ಲ. ಕಚ್ಚಬಾರದು, ಕಣ್ಣಿಗೆ ಬೆರಳು ಹಾಕಬಾರದು ಎಂಬುದನ್ನು ಬಿಟ್ಟರೆ ನಿಯಮಗಳೆಂಬವೂ ಹೆಚ್ಚೇನಿರಲಿಲ್ಲ. ಮೊದಲ ಕಾಳಗದಲ್ಲೇ ಭಾರೀ ದೇಹದ ಸುಮೊ ಪಟುವಿನ ಮುಖಕ್ಕೆ ಬಿದ್ದ ಒದೆತಕ್ಕೆ ಆತನ ಹಲ್ಲು ಹಾರಿಹೋಯಿತು. ಅರ್ಧ ನಿಮಿಷದೊಳಗೆ ಎಲ್ಲ ಮುಗಿದಿತ್ತು. ಕೊನೆಗೆ ಗೆದ್ದವನು ಬ್ರೆಜಿಲಿನ ರಾಯ್ಸ್ ಗ್ರೇಸಿ. ಸುಮಾರು 80 ಕಿಲೋ ತೂಕದ ಸಪೂರ ಯುವಕ. ಒಂದೇ ರಾತ್ರಿ ಮೂವರನ್ನು ನೆಲಕ್ಕೆ ಕೆಡವಿ ಹಿಡಿತಕ್ಕೆ ಸಿಲುಕಿಸಿ ಸೋಲೊಪ್ಪಿಸಿದ. ಅವನ ಕುಟುಂಬದ ಜಿಜಿತ್ಸು ವಿದ್ಯೆಯ ಶ್ರೇಷ್ಠತೆಯನ್ನು ಸಾರುವುದು ಈ ಕೂಟದ ಉದ್ದೇಶಗಳಲ್ಲೊಂದಾಗಿತ್ತು, ಹಣ ತೆತ್ತವರಿಗೆ ಟಿವಿಯಲ್ಲಿ ತೋರಿಸುವುದು ಇನ್ನೊಂದು. ಹೀಗೆ ಇದು ತೊಟ್ಟಿಲಲ್ಲೇ ಅರ್ಧ ವಿದ್ಯೆ, ಅರ್ಧ ಪ್ರದರ್ಶನ.

1996ರಲ್ಲಿ ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕವೆಂದು ಜರೆದರು. ನಮ್ಮ ಕರಾವಳಿಯವರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ. ಅವರು ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದರು, ಕೇಬಲ್ ಕಂಪೆನಿಗಳು ಪ್ರಸಾರ ನಿಲ್ಲಿಸಿದವು. ಸಾಯುವ ಸ್ಥಿತಿಗೆ ಬಂದಾಗ ಇದಕ್ಕೆ ಶಿಸ್ತಿನ ನೆನಪಾಯಿತು. ತೂಕದ ವರ್ಗಗಳು, ಐದು ನಿಮಿಷಗಳ ಸುತ್ತುಗಳು, ಕೈಗವಸು, ವೈದ್ಯಕೀಯ ತಪಾಸಣೆ, ತಲೆಯ ಹಿಂಭಾಗಕ್ಕೂ ಗುಪ್ತಾಂಗಕ್ಕೂ ಹೊಡೆಯುವುದಕ್ಕೆ ನಿಷೇಧ ಇತ್ಯಾದಿಗಳನ್ನೊಳಗೊಂಡ ಏಕರೂಪದ ನಿಯಮಾವಳಿ 2000-2001ರ ಸುಮಾರಿಗೆ ನ್ಯೂಜೆರ್ಸಿಯಲ್ಲಿ ರೂಪುಗೊಂಡಿತು. ಅದೇ 2001ರಲ್ಲಿ ಲಾಸ್ ವೇಗಾಸಿನ ಜೂಜುಕಟ್ಟೆಗಳ ಒಡೆಯರಾದ ಇಬ್ಬರು ಸಹೋದರರು ಯುಎಫ್‌ಸಿಯನ್ನು 20 ಲಕ್ಷ ಡಾಲರ್‌ಗೆ ಕೊಂಡರು.

ಈಗ ಕಿರಿಯರ ವಾದಕ್ಕೆ ಬರೋಣ. ಅದರಲ್ಲಿ ತೂಕವಿದೆ ಎಂಬುದನ್ನು ಒಪ್ಪಲೇಬೇಕು. ಮೈಸೂರಿನ ದಸರಾ ಕುಸ್ತಿಯನ್ನೋ ಬೆಳಗಾವಿ ಕಡೆಯ ಜಾತ್ರೆಯ ಕುಸ್ತಿಯನ್ನೋ ಕಂಡವರಿಗೆ ಪಟ್ಟು ಮತ್ತು ಮರುಪಟ್ಟಿನ ಅರ್ಥ ಗೊತ್ತು. ಅಖಾಡದಲ್ಲಿ ಮೈಬಲ ಅರ್ಧ, ಉಳಿದರ್ಧ ಬುದ್ಧಿ. ಎಂಎಂಎ ಕೂಡ ಹಾಗೆಯೇ. ಬಾಕ್ಸಿಂಗ್ ಬಲ್ಲವನು ನಿಂತು ಕಾದಲು ನೋಡುತ್ತಾನೆ, ಕುಸ್ತಿ ಬಲ್ಲವನು ಅವನನ್ನು ನೆಲಕ್ಕೆಳೆಯಲು ಹವಣಿಸುತ್ತಾನೆ, ಜಿಜಿತ್ಸು ಬಲ್ಲವನು ಕೆಳಗೆ ಬಿದ್ದೂ ಎದುರಾಳಿಯ ಕತ್ತನ್ನೋ ತೋಳನ್ನೋ ಬಿಗಿಯುತ್ತಾನೆ. ದಾಗೆಸ್ತಾನಿನಂತಹ ಪುಟ್ಟ ಪರ್ವತ ಪ್ರದೇಶ ಇಷ್ಟೊಂದು ಮಲ್ಲರನ್ನು ಕೊಟ್ಟಿರುವುದು ಆಕಸ್ಮಿಕವಲ್ಲ. ಅಲ್ಲಿ ಕುಸ್ತಿ ಮನೆಮನೆಯ ವಿದ್ಯೆ. ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಅಬ್ದುರಶೀದ್ ಸಾದುಲಾಯೆವ್ ಬಂದದ್ದು ಅಲ್ಲಿಂದಲೇ. ಖಬೀಬರಿಗೆ ಬಾಲ್ಯದಿಂದ ಪಟ್ಟು ಕಲಿಸಿದ ಉಸ್ತಾದ್ ಅವರ ತಂದೆ ಅಬ್ದುಲ್‌ಮನಾಪ್.

ಇನ್ನೊಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ. ಹಿಡಿತಕ್ಕೆ ಸಿಲುಕಿದವನು ಅಂಗೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟಿದರೆ ಸಾಕು, ಕಾಳಗ ಅಲ್ಲಿಗೇ ಮುಗಿಯಿತು. ತೋಳು ಮುರಿಯಬಲ್ಲ ಸ್ಥಿತಿಯಲ್ಲಿರುವವನು ಆ ಕ್ಷಣವೇ ಕೈಬಿಡಬೇಕು. ಬೀದಿ ಜಗಳದಲ್ಲಿ ಇಂತಹ ಸಂಕೇತವಿಲ್ಲ, ಅಲ್ಲಿ ಸೋತವನಿಗೆ ಇನ್ನಷ್ಟು ಹೊಡೆತಗಳು ಬೀಳುತ್ತವೆ. ಗೆಲ್ಲುವವನ ಕೈಯನ್ನು ಸೋಲುವವನ ಒಂದು ತಟ್ಟು ಕಟ್ಟಿಹಾಕುವುದಾದರೆ ಅದನ್ನು ಕ್ರೀಡೆಯಲ್ಲವೆನ್ನಲು ನಮಗೆ ಮನಸ್ಸು ಬಾರದು. 2026ರ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟವರಿಗೂ ಹೀಗೆಯೇ ತೋರಿರಬೇಕು. ನಮ್ಮ ದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಆ ಗೆಲುವು ನಾಟಕವಲ್ಲ.

ಹಾಗಾದರೆ ಸಮಸ್ಯೆಯೆಲ್ಲಿದೆ? ಕ್ರೀಡೆಯನ್ನು ಗುರುತಿಸಲು ನಾವೊಂದು ಸರಳ ಪ್ರಶ್ನೆಯನ್ನು ಮುಂದಿಡುತ್ತೇವೆ: ಮುಂದಿನ ಪಂದ್ಯ ಯಾರ ನಡುವೆ ಎಂಬುದನ್ನು ಯಾರು ನಿರ್ಧರಿಸುತ್ತಾರೆ? ಒಲಿಂಪಿಕ್ ಕುಸ್ತಿಯಲ್ಲಿ ಅದನ್ನು ನಿರ್ಧರಿಸುವುದು ಗೆಲುವು. ಸೆಮಿಫೈನಲ್ ಗೆದ್ದವನನ್ನು ಫೈನಲಿನಿಂದ ಹೊರಗಿಡುವ ಅಧಿಕಾರ ಯಾವ ಧಣಿಗೂ ಇಲ್ಲ. ಯುಎಫ್‌ಸಿಯಲ್ಲಿ ರ‍್ಯಾಂಕಿಂಗ್ ಇದೆ, ಆದರೆ ಜೋಡಿ ಕಟ್ಟುವುದು ಕಂಪೆನಿ. ಪ್ರಶಸ್ತಿಯ ಪಟ್ಟಿಯೂ ಕಂಪೆನಿಯದ್ದೇ. ಫಿಲ್ ಬ್ರೂಕ್ಸ್ ಎಂಬಾತನ ಉದಾಹರಣೆಯನ್ನೇ ನೋಡಿ. ಡಬ್ಲ್ಯೂಡಬ್ಲ್ಯೂಇಯ ನಟನಾ ಕುಸ್ತಿಯಲ್ಲಿ ಸಿಎಂ ಪಂಕ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಆತ ವೃತ್ತಿಪರ ಎಂಎಂಎ ಕಾಳಗವೊಂದನ್ನೂ ಆಡಿರಲಿಲ್ಲ. ಆದರೂ 2014ರಲ್ಲಿ ಯುಎಫ್‌ಸಿ ಆತನೊಂದಿಗೆ ಒಪ್ಪಂದ ಮಾಡಿಕೊಂಡಿತು. 2016ರಲ್ಲಿ ಪಂಜರಕ್ಕಿಳಿದು ಮೊದಲ ಸುತ್ತಿನಲ್ಲೇ ಸೋತ ಆತನಿಗೆ 2018ರಲ್ಲಿ ಮತ್ತೊಂದು ಅವಕಾಶ ಸಿಕ್ಕಿತು. ಸಣ್ಣ ಕೂಟಗಳಲ್ಲಿ ವರ್ಷಗಟ್ಟಲೆ ಗೆಲ್ಲುತ್ತಾ ಕರೆಗಾಗಿ ಕಾಯುತ್ತಿದ್ದ ಮಲ್ಲರಿಗೆ ದೊರೆಯದ ವೇದಿಕೆ ಅದು. ಯಾವ ಅರ್ಹತೆಯ ಮೇಲೆ? ಅವನ ಮುಖಕ್ಕೆ ಟಿಕೆಟ್ ಮಾರುವ ಶಕ್ತಿಯಿತ್ತು.

ಡಬ್ಲ್ಯೂಡಬ್ಲ್ಯೂಇಯ ಮಾತು ಬಂದದ್ದರಿಂದ ಒಂದು ಸ್ವಾರಸ್ಯದ ಸಂಗತಿ. ಆಗ ಡಬ್ಲ್ಯೂಡಬ್ಲ್ಯೂಎಫ್ ಎಂದೇ ಹಳಬರ ಬಾಯಲ್ಲಿದ್ದ ಆ ಕಂಪೆನಿ 1989ರಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ, ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ತಾನಾಗಿ ಒಪ್ಪಿಕೊಂಡಿತು. ಕ್ರೀಡಾ ಆಯೋಗದ ನಿಯಂತ್ರಣದಿಂದ ತಪ್ಪಿಸಿಕೊಳ್ಳುವುದೇ ಉದ್ದೇಶ. ಅಂದರೆ ಮನರಂಜನೆ ಎಂಬ ಹೆಸರಿನಿಂದಲೂ ಲಾಭವಿದೆ, ಕ್ರೀಡೆ ಎಂಬ ಹೆಸರಿನಿಂದಲೂ ಲಾಭವಿದೆ. 2023ರ ಸೆಪ್ಟೆಂಬರಿನಲ್ಲಿ ಇವೆರಡೂ ಟಿಕೆಒ ಎಂಬ ಒಂದೇ ಕಂಪೆನಿಯ ಸೂರಿನಡಿ ಬಂದವು. ಫಲಿತಾಂಶವನ್ನು ಮೊದಲೇ ಬರೆದಿಡುವ ಅಂಗಡಿಯೂ ಬರೆಯದ ಅಂಗಡಿಯೂ ಈಗ ಒಬ್ಬನೇ ಯಜಮಾನನವು.

ಬಾಕ್ಸಿಂಗ್‌ನಲ್ಲಿಯೂ ಇಂತಹ ಧಣಿಗಳಿದ್ದರು. ಅವರನ್ನು ಹದ್ದುಬಸ್ತಿನಲ್ಲಿಡಲು ಅಮೆರಿಕ 2000ದಲ್ಲಿ ಒಂದು ಕಾನೂನನ್ನು ತಂದಿತು. ಆ ಕಾನೂನಿಗಿರುವ ಹೆಸರು ನಮ್ಮೆಲ್ಲರ ಮೆಚ್ಚಿನ ಮುಹಮ್ಮದ್ ಅಲಿಯವರದ್ದು. ಪಂದ್ಯದಿಂದ ಬಂದ ಆದಾಯವನ್ನು ಆಯೋಜಕರು ಬಾಕ್ಸರ್‌ಗೆ ತಿಳಿಸಬೇಕು, ರ‍್ಯಾಂಕಿಂಗ್‌ಗೆ ಸ್ಪಷ್ಟ ಮಾನದಂಡಗಳಿರಬೇಕು ಎಂದೆಲ್ಲ ಅದು ಹೇಳುತ್ತದೆ. ಆದರೆ ಅದು ಎಂಎಂಎಗೆ ಅನ್ವಯಿಸುವುದಿಲ್ಲ. ಅನ್ವಯಿಸುವಂತೆ ಮಾಡಲು 2016ರಲ್ಲಿ ಮಂಡಿಸಿದ ಮಸೂದೆ ಅಂಗೀಕಾರವಾಗಲಿಲ್ಲ.

ಇನ್ನು ಖಬೀಬ್. ಯುವ ಮಿತ್ರರು ನಮ್ಮ ಮೇಲೆ ಮುನಿಸಿಕೊಳ್ಳದೆ ಕೇಳಬೇಕು. 2018ರ ಏಪ್ರಿಲ್‌ನಲ್ಲಿ ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ ನ್ಯೂಯಾರ್ಕಿನಲ್ಲಿ ಖಬೀಬ್ ಕುಳಿತಿದ್ದ ಬಸ್ಸಿನ ಮೇಲೆ ಕೈಗಾಡಿಯೊಂದನ್ನು ಎತ್ತಿ ಎಸೆದ. ಕಿಟಕಿ ಒಡೆದು ಒಳಗಿದ್ದವರು ಗಾಯಗೊಂಡರು, ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಯಾವುದೇ ಮರ್ಯಾದಸ್ಥ ಕ್ರೀಡಾ ಸಂಸ್ಥೆಯಾಗಿದ್ದರೆ ಆತನನ್ನು ದೀರ್ಘಕಾಲ ಹೊರಗಿಡುತ್ತಿತ್ತು. ಯುಎಫ್‌ಸಿ ಅದೇ ದೃಶ್ಯವನ್ನು ಜಾಹೀರಾತಿಗೆ ಬಳಸಿಕೊಂಡು ಅಕ್ಟೋಬರ್ 6ರಂದು ಲಾಸ್ ವೇಗಾಸಿನಲ್ಲಿ ಇಬ್ಬರ ಪಂದ್ಯವನ್ನೇರ್ಪಡಿಸಿತು. ಪತ್ರಿಕಾಗೋಷ್ಠಿಯಲ್ಲಿ ಮೆಕ್‌ಗ್ರೆಗರ್ ತನ್ನ ವಿಸ್ಕಿಯನ್ನು ಖಬೀಬ್‌ಗೆ ನೀಡಿ, ಅವರು ನಿರಾಕರಿಸಿದಾಗ ಅಣಕಿಸಿದ. ತಂದೆಯನ್ನು, ನಾಡನ್ನು, ಧರ್ಮವನ್ನು ಎಳೆದು ತಂದ. ಬೈಗುಳ ಹೆಚ್ಚಿದಂತೆ ಬುಕಿಂಗ್ ಹೆಚ್ಚಿತು. ಹಣ ಕೊಟ್ಟು ನೋಡಿದ ಸಂಪರ್ಕಗಳ ಸಂಖ್ಯೆ ಸುಮಾರು 24 ಲಕ್ಷ, ಆ ಕಂಪೆನಿಯ ದಾಖಲೆ.

ಖಬೀಬ್ ನಾಲ್ಕನೆಯ ಸುತ್ತಿನಲ್ಲಿ ಕತ್ತು ಬಿಗಿದು ಗೆದ್ದರು. ಕ್ರೀಡೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ಪಂಜರವನ್ನು ಹಾರಿ ಎದುರಾಳಿಯ ತಂಡದವನ ಮೇಲೆ ಎರಗಿದರು. ಗದ್ದಲವೆದ್ದಿತು. ನೆವಾಡಾದ ಆಯೋಗ ಖಬೀಬ್‌ಗೆ 5 ಲಕ್ಷ ಡಾಲರ್ ದಂಡ ಮತ್ತು ಒಂಬತ್ತು ತಿಂಗಳ ನಿಷೇಧ ವಿಧಿಸಿತು. ಮೆಕ್‌ಗ್ರೆಗರ್‌ಗೆ 50 ಸಾವಿರ ಡಾಲರ್ ಮತ್ತು ಆರು ತಿಂಗಳು. ಖಬೀಬರ ಆ ಜಿಗಿತವನ್ನು ಧರ್ಮಾಭಿಮಾನವೆಂದು ನಮ್ಮ ಹುಡುಗರು ಕೊಂಡಾಡುವುದನ್ನು ಕೇಳಿದ್ದೇವೆ. ಎದುರಾಳಿಯನ್ನು ಕೆಡವುವವನಿಗಿಂತ ಕೋಪ ಬಂದಾಗ ತನ್ನನ್ನು ತಡೆಹಿಡಿಯುವವನೇ ಬಲಶಾಲಿಯೆಂದು ಪ್ರವಾದಿ(ಸ) ಕಲಿಸಿದ್ದು ನೆನಪಿದ್ದರೆ ಹಾಗೆನ್ನುತ್ತಿರಲಿಲ್ಲ. ಖಬೀಬ್ ಸ್ವತಃ ಅಂದೇ ಆಯೋಗದ ಕ್ಷಮೆ ಕೇಳಿದರು. ಆದರೆ ದಂಡ ತೆರದೆ ಉಳಿದವರು ಯಾರು? ತಿಂಗಳುಗಟ್ಟಲೆ ಆ ಬೆಂಕಿಗೆ ಗಾಳಿ ಹಾಕಿ, ಅದರ ಬಿಸಿಯಲ್ಲಿ ಗಲ್ಲಾಪೆಟ್ಟಿಗೆ ತುಂಬಿಸಿಕೊಂಡ ಕಂಪೆನಿ. ನಿಂದನೆಗೊಳಗಾದ ನಮ್ಮ ಧರ್ಮವೂ ಅಲ್ಲಿ ಮಾರಾಟದ ಸರಕಾಗಿತ್ತು, ಅದರಿಂದ ಕೆರಳಿದ ನಮ್ಮ ಹುಡುಗರ ಸಿಟ್ಟೂ ಸರಕಾಗಿತ್ತು.

ಈ ವ್ಯಾಪಾರದಲ್ಲಿ ಮೈಯೊಡ್ಡುವವನಿಗೆ ಸಿಗುವುದೆಷ್ಟು? 20 ಲಕ್ಷ ಡಾಲರ್‌ಗೆ ಕೊಂಡ ಯುಎಫ್‌ಸಿ 2016ರಲ್ಲಿ ಸುಮಾರು 400 ಕೋಟಿ ಡಾಲರ್‌ಗೆ ಮಾರಾಟವಾಯಿತು. 2025ರ ಆಗಸ್ಟ್‌ನಲ್ಲಿ ಏಳು ವರ್ಷಗಳ ಪ್ರಸಾರಕ್ಕಾಗಿ ಪ್ಯಾರಮೌಂಟ್ ಜೊತೆ ಮಾಡಿಕೊಂಡ ಒಪ್ಪಂದದ ಮೊತ್ತ 770 ಕೋಟಿ ಡಾಲರ್. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲಿ ಆದಾಯದ ಅರ್ಧದಷ್ಟು ಆಟಗಾರರಿಗೆ ಹೋಗುತ್ತದೆ. ಏಕೆಂದರೆ ಅಲ್ಲಿ ಆಟಗಾರರ ಸಂಘವಿದೆ. ಯುಎಫ್‌ಸಿಯ ಮಲ್ಲರಿಗೆ ದೊರೆಯುತ್ತಿದ್ದುದು ಐದನೆಯ ಒಂದು ಭಾಗದ ಆಸುಪಾಸು ಎಂಬುದು ಅವರು 2014ರಲ್ಲಿ ಹೂಡಿದ ಏಕಸ್ವಾಮ್ಯ ವಿರೋಧಿ ದಾವೆಯಲ್ಲಿ ಬೆಳಕಿಗೆ ಬಂತು. ದಶಕ ಕಳೆದ ಮೇಲೆ, 33.5 ಕೋಟಿ ಡಾಲರ್‌ನ ಮೊದಲ ರಾಜಿಯನ್ನು ನ್ಯಾಯಾಧೀಶರು ಸಾಲದೆಂದು ತಿರಸ್ಕರಿಸಿದ ನಂತರ, 2025ರಲ್ಲಿ 37.5 ಕೋಟಿ ಡಾಲರ್‌ನ ರಾಜಿಗೆ ಒಪ್ಪಿಗೆ ದೊರೆಯಿತು. ಕಂಪೆನಿ ತಪ್ಪೊಪ್ಪಿಕೊಳ್ಳಲಿಲ್ಲ.

ಪ್ರೇಕ್ಷಕರು ಕಾಣದ ಇನ್ನೊಂದು ಬವಣೆ ತೂಕ ಇಳಿಸುವುದು. ಪಂದ್ಯದ ಹಿಂದಿನ ದಿನಗಳಲ್ಲಿ ನೀರು ಬಿಟ್ಟು, ಬೆವರಿಳಿಸಿ ಮೈಯನ್ನು ಒಣಗಿಸುತ್ತಾರೆ. 2015ರ ಡಿಸೆಂಬರಿನಲ್ಲಿ ಮನಿಲಾದಲ್ಲಿ ಹೀಗೆ ತೂಕ ಇಳಿಸಲು ಹೋಗಿ ಚೀನಾದ 21 ವರ್ಷದ ಯುವಕ ಪಂಜರ ಸೇರುವ ಮೊದಲೇ ಸತ್ತ. 2017ರಲ್ಲಿ ಖಬೀಬ್ ಕೂಡ ಇದೇ ಕಾರಣಕ್ಕೆ ಆಸ್ಪತ್ರೆ ಸೇರಿ ಪಂದ್ಯ ರದ್ದಾಗಿತ್ತು.

ಅಧಿಕಾರಸ್ಥರಿಗೂ ಈ ಪಂಜರ ಪ್ರಿಯ. ಟ್ರಂಪ್ 2001ರಲ್ಲೇ ತಮ್ಮ ಜೂಜು ಹೋಟೆಲಿನಲ್ಲಿ ಯುಎಫ್‌ಸಿಗೆ ಜಾಗ ಕೊಟ್ಟವರು. ಅದರ ಮುಖ್ಯಸ್ಥ ಡಾನಾ ವೈಟ್ 2016, 2020, 2024ರಲ್ಲಿ ಅವರ ಪಕ್ಷದ ಸಮಾವೇಶಗಳಲ್ಲಿ ಭಾಷಣ ಮಾಡಿ ಆ ಋಣ ತೀರಿಸಿದರು. ಅಮೆರಿಕವನ್ನು ಬೈದು ಸುಮ್ಮನಾಗುವುದು ನ್ಯಾಯವಲ್ಲ. ಮುಸ್ಲಿಮ್ ಬಹುಸಂಖ್ಯಾತ ಚೆಚೆನ್ಯಾದ ನಾಯಕ ರಂಜಾನ್ ಕದಿರೋವ್ 2016ರ ಅಕ್ಟೋಬರಿನಲ್ಲಿ ಗ್ರೋಜ್ನಿಯ ಕೂಟದಲ್ಲಿ ತನ್ನ ಎಂಟು, ಒಂಬತ್ತು, ಹತ್ತು ವರ್ಷಗಳ ಮೂವರು ಗಂಡುಮಕ್ಕಳನ್ನು ಪಂಜರಕ್ಕಿಳಿಸಿದ. ತಲೆಗೆ ರಕ್ಷಣಾ ಕವಚವೂ ಇರಲಿಲ್ಲ. ರಷ್ಯಾದ ಹಿರಿಯ ಮಲ್ಲ ಫ್ಯೋದರ್ ಎಮೆಲಿಯಾನೆಂಕೊ ಇದನ್ನು ಬಹಿರಂಗವಾಗಿ ಖಂಡಿಸಿದರು. ಮಕ್ಕಳ ಪರವಾಗಿ ದನಿಯೆತ್ತಿದ ಆ ಕ್ರೈಸ್ತ ಸಹೋದರನಿಗೆ ನಾವು ಋಣಿಗಳು.

ಧರ್ಮದ ದೃಷ್ಟಿಯಿಂದ ಇದು ಸರಿಯೇ ಎಂದು ಕೇಳುವವರೂ ಇಲ್ಲಿದ್ದಾರೆ. ಕುಸ್ತಿಗೆ ಇಸ್ಲಾಮಿನಲ್ಲಿ ಅಡ್ಡಿಯಿಲ್ಲ, ಮುಖಕ್ಕೆ ಹೊಡೆಯುವುದಕ್ಕಿದೆ. ಎದುರಾಳಿಗೆ ಹಾನಿಯೆಸಗುವುದನ್ನೇ ಅನುಮತಿಸುವ ಬಾಕ್ಸಿಂಗ್ ಹಾಗೂ ಸ್ವೈರ ಕುಸ್ತಿಯನ್ನು ಮಕ್ಕಾದ ಫಿಕ್ಹ್ ಮಂಡಳಿ 1987ರಲ್ಲೇ ನಿಷಿದ್ಧವೆಂದಿದೆ. ಪಟ್ಟುಗಳನ್ನು ಕಲಿಯುವುದು ಬೇರೆ, ಹಣಕ್ಕಾಗಿ ಮುಖ ಜಜ್ಜುವುದು ಬೇರೆ. ಹೆಚ್ಚಿನ ವಿವರಣೆಯನ್ನು ಉಲಮಾಗಳಿಗೆ ಬಿಡೋಣ.

ಕೊನೆಯದಾಗಿ ನಮ್ಮ ರಾಜ್ಯದ ಮಾತು. 2022ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮೈಸೂರಿನ 23ರ ಹರೆಯದ ಯುವಕ ಹೊಡೆತ ತಿಂದು ಕುಸಿದ. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮೃತಪಟ್ಟ. ಸ್ಥಳದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆಯಿರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ಲಾಸ್ ವೇಗಾಸಿನಲ್ಲಿ ಪಂಜರದ ಪಕ್ಕದಲ್ಲೇ ಆಯೋಗ ನೇಮಿಸಿದ ವೈದ್ಯರಿರುತ್ತಾರೆ. ನಮ್ಮ ಊರುಗಳಿಗೆ ಬಂದಿರುವುದು ಅಲ್ಲಿನ ಬಣ್ಣದ ದೀಪ ಮತ್ತು ಅಬ್ಬರದ ಸಂಗೀತ. ವೈದ್ಯರು ಇನ್ನೂ ಬಂದಿಲ್ಲ.

ಆದ್ದರಿಂದ ಮಗ ಎಂಎಂಎ ಕಲಿಯುತ್ತೇನೆಂದು ಹಟ ಹಿಡಿದರೆ ತಂದೆ ತಾಯಂದಿರು ಬೈದು ಬಾಗಿಲು ಮುಚ್ಚಬೇಡಿ. ಮುಚ್ಚಿದರೆ ಆತ ಹೇಳದೆ ಹೋಗುತ್ತಾನೆ. ಜೊತೆಗೆ ಹೋಗಿ, ಶುಲ್ಕ ಕಟ್ಟುವ ಮುನ್ನ ವಿಚಾರಿಸಿ. ಕಲಿಸುವವನು ಯಾರಿಂದ, ಎಷ್ಟು ವರ್ಷ ಕಲಿತ? ಹದಿನೆಂಟು ತುಂಬದವರ ತಲೆಗೆ ಹೊಡೆಯಲು ಬಿಡುತ್ತಾನೆಯೇ? ಅಂತಾರಾಷ್ಟ್ರೀಯ ಹವ್ಯಾಸಿ ಸಂಘಟನೆಯೇ ಕಿರಿಯರ ಸ್ಪರ್ಧೆಗಳಲ್ಲಿ ಅದನ್ನು ನಿಷೇಧಿಸಿದೆ. ಸ್ಪರ್ಧೆಯ ದಿನ ವೈದ್ಯರು ಮತ್ತು ಆಂಬುಲೆನ್ಸ್ ಇರುತ್ತದೆಯೇ, ಹತ್ತಿರದ ಆಸ್ಪತ್ರೆ ಯಾವುದು? ತಲೆಗೆ ಪೆಟ್ಟು ಬಿದ್ದವನನ್ನು ಎಷ್ಟು ದಿನ ಅಭ್ಯಾಸದಿಂದ ದೂರವಿಡುತ್ತಾರೆ? ಈ ಪ್ರಶ್ನೆಗಳಿಗೆ ನೆಟ್ಟಗೆ ಉತ್ತರಿಸುವ ಉಸ್ತಾದ್ ಸಿಕ್ಕರೆ ಹುಡುಗನನ್ನು ಒಪ್ಪಿಸಿ. ಉತ್ತರದ ಬದಲು ಗೋಡೆಯಲ್ಲಿರುವ ಖಬೀಬರ ಚಿತ್ರವನ್ನು ತೋರಿಸಿದರೆ ಮಗನ ಕೈ ಹಿಡಿದು ಮನೆಗೆ ಮರಳಿ.